ಕಸ್ತೂರಿಯ ಗಿಡ

ಸತ್ತವರನ್ನು ಹೂತ ಜಾಗದಲ್ಲಿ ನೆಟ್ಟ ಮಾವು ನಮ್ಮ ಕಡೆ ಅವರ ದನಿಯಲ್ಲೇ ಮಾತಾಡುತ್ತದೆ. ಕಸ್ತೂರಿಯ ಗಿಡಕ್ಕೆ ಗೊತ್ತಿದ್ದದ್ದು ಒಂದೇ ಮಾತು. ಸಾಲೆ ಬಿಟ್ಟು ಬಂದಾಗ ಆ ಹುಡುಗಿ ಹೇಳುತ್ತಿದ್ದಂತೆ ದಿನಾ ಸಂಜೆ, "ಅವ್ವಾ, ಹಸಿವ್ಯಾಗೇತಿ" ಅನ್ನುತ್ತಿತ್ತು.

ಈ ಸಲ ಹೂ ಬಿಡುವ ಹೊತ್ತಿಗೆ "ಹಸಿವ್ಯಾಗೇತಿ" ಅಷ್ಟೇ ಉಳಿಯಿತು. ಬುಡದಲ್ಲಿ ಮರದ ಪುಡಿ ಉದುರಿತ್ತು. ಕಾಂಡ ಕೊರೆಯುವ ಹುಳು.

ಅವಳ ಅಪ್ಪ ಚನ್ನವೀರಪ್ಪ ತೂತಿನೊಳಗೆ ಕೊಕ್ಕೆತಂತಿ ತೂರಿಸಿ ಬಿಳಿ ಹುಳುವನ್ನು ಎಳೆದ. ಅಂಗೈ ಮೇಲೆ ಹೊರಳುತ್ತ ಅದು ಮಗಳ ದನಿಯಲ್ಲಿ, "ಅವ್ವಾ" ಎಂದಿತು.

ಸೀಮೆಎಣ್ಣೆ ಡಬ್ಬಿ ಹಿಡಿದಿದ್ದ ನೀಲವ್ವ ಹಿಂದೆ ಸರಿದಳು.

"ತಿಂದ ಮಾತು ಹುಳದಾಗ ಇರ್ತೈತಿ, ಗೊತ್ತಿಲ್ಲೇನ? ಡಬ್ಬಿ ತಾ."

"ಬಾಟ್ಲಿಯೊಳಗ ಇಟ್ಕೋತೀನ್ರೀ. ಒಂದ ದಿನ."

"ತಪ್ಪಿಸ್ಕೊಂಡು ದುಂಬಿ ಆದ್ರ ತಿರುಗಿ ಅಕೀ ಗಿಡದಾಗ ತತ್ತಿ ಇಡತೈತಿ. ಉಳದದ್ದೂ ಹೋಗ್ತೈತಿ."

ನೀಲವ್ವ ಹುಳುವನ್ನು ತನ್ನ ಅಂಗೈಗೆ ತೆಗೆದುಕೊಂಡಳು.

"ಅವ್ವಾ."

"ಓ, ನನ್ನವ್ವಾ," ಎಂದು ಓಗೊಟ್ಟು, ಎಣ್ಣೆಗೆ ಬಿಟ್ಟಳು.

ಅವನು ತೂತಿಗೆ ಹಸಿಮಣ್ಣು ಮೆತ್ತಿದ. ಹೊತ್ತು ಮುಳುಗುವಾಗ ಗಿಡ, "ಹಸಿವ್ಯಾಗೇತಿ" ಎಂದಿತು, ಯಾರನ್ನೂ ಕರೆಯದೆ.