ಇಳಿಯುವ ಭಾರ

ಪೆಟ್ರೋಲು, ಡೀಸೆಲು ಬತ್ತಿಹೋಗಿ ಗಾಡಿಗಳೆಲ್ಲ ನಿಂತ ಮೇಲೆ ಆ ಬೆಟ್ಟದೂರಿಗೆ ಹಗ್ಗದ ತೊಟ್ಟಿಲೇ ಗತಿಯಾಗಿತ್ತು. ಇಳಿಯುವವರ ಭಾರಕ್ಕೆ ಇನ್ನೊಂದು ತೊಟ್ಟಿಲು ಹೊಳೆಯ ನೀರು ಹೊತ್ತು ಮೇಲೇರುತ್ತಿತ್ತು. ಗಿರಿಜಮ್ಮ ಟೀಚರ ಶಾಲೆಯ ಮಕ್ಕಳೇ ಚಿತ್ರ ಬರೆದು, ಲೆಕ್ಕ ಹಾಕಿ ಮಾಡಿದ ಯೋಜನೆ ಅದು.

ಇಂದು ಇಳಿಯುವ ತೊಟ್ಟಿಲಲ್ಲಿ ಟೀಚರ ಗಂಡನ ಹೆಣವಿತ್ತು. ಹೊತ್ತು ಮುಳುಗುವುದರೊಳಗೆ ಕೆಳಗಿನ ಮಸಣ ಮುಟ್ಟಬೇಕು. ತೊಟ್ಟಿಲು ಕದಲಲಿಲ್ಲ.

“ಇಳಿಯೋರು ನಲವತ್ತು ಕಿಲೋ ಆದ್ರೂ ಇರ್ತಾರೆ ಅಂತ ಲೆಕ್ಕ ಹಾಕಿ ನೀರಿನ ತೂಕ ಬರ್ದಿದ್ವಿ, ಟೀಚರ್,” ಎಂದು ಶಾಲೆಯ ಹುಡುಗಿ ವಾಸಂತಿ ಅತ್ತಳು.

ಟೀಚರ ಗಂಡ ಅಷ್ಟೂ ತೂಗುತ್ತಿರಲಿಲ್ಲ; ಕಾಯಿಲೆ ಅವರನ್ನು ಅಷ್ಟು ತಿಂದಿತ್ತು.

“ಕಲ್ಲು ಹಾಕ್ರೋ,” ಎಂದ ಮೈದುನ.

“ನಿಮ್ಮಣ್ಣ ಏನು ಮೂಟೇನಾ? ನಾನು ಕೂರ್ತೀನಿ.”

“ಹೆಂಗಸರು ಮಸಣಕ್ಕೆ ಬರಬಾರದು, ಅತ್ತಿಗೆ!”

“ತಪ್ಪಾಯ್ತು ಅಂತ ದೇವರಿಗೆ ನಾನೇ ಹೇಳ್ಕೋತೀನಿ, ಬಿಡಪ್ಪ.”

ಗಿರಿಜಮ್ಮ ಹತ್ತಿ, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಮನಾಮ ಹೇಳತೊಡಗಿದರು. ತೊಟ್ಟಿಲು ಮೆಲ್ಲಗೆ ಇಳಿಯಿತು. ಮದುವೆಯಾದ ಮೇಲೆ ಅವರಿಬ್ಬರೇ ಹೊರಟ ಮೊದಲ ಪಯಣ ಅದು.