ಗಿಟಾರ್ ಕ್ಲಾಸು ಬಿಟ್ಟ ಮೇಲೆ

ಶುಭಾ ಸ್ಕೂಟರನ್ನು ಶಾಲೆಯ ಮುಂದಿನ ಗೇಟಿಗೆ ತರಲಿಲ್ಲ. ಹಿಂದಿನ ರಸ್ತೆಯ ಜೆರಾಕ್ಸ್ ಅಂಗಡಿ ಪಕ್ಕ ನಿಲ್ಲಿಸಿ, ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು, ಚಿಕ್ಕ ಗೇಟಿನಿಂದ ಒಳಗೆ ನಡೆದಳು. ಗಂಟೆ ಹನ್ನೊಂದೂಕಾಲು.

"ಗಿಟಾರ್ ಕ್ಲಾಸು ಆಗ್ಲೇ ಬಿಡ್ತಲ್ಲ ಮೇಡಮ್," ಎಂದ ಕಾವಲುಗಾರ ಮಂಟೇಸ್ವಾಮಿ. "ಐಕ್ಳೆಲ್ಲಾ ಹೊಂಟೋದ್ವು. ನಿಮ್ ಮಗಳೊಬ್ಳೇ ಒಳಗವ್ಳೆ. ಶನ್ವಾರ ಶನ್ವಾರ ಒಂದ್ ಗಂಟೆಗಂಟ ಇರ್ತಾಳೆ. ವಾಗೀಶ ಮೇಷ್ಟ್ರೂ ಇರ್ತಾರೆ."

ಶುಭಾ ನಡಿಗೆ ಚುರುಕುಗೊಳಿಸಿದಳು. ಕ್ಲಾಸೇ ಒಂದು ಗಂಟೆಯವರೆಗೆ ಎಂದಿದ್ದಳು ಲಹರಿ. ಹನ್ನೊಂದಕ್ಕೇ ಮುಗಿಯುತ್ತದೆಂದು ನಿನ್ನೆ ತರಕಾರಿ ಅಂಗಡಿಯಲ್ಲಿ ಅವಳ ಜೊತೆ ಗಿಟಾರ್ ಕಲಿಯುವ ದಿವ್ಯಳ ತಾಯಿ ಬಾಯಿ ತಪ್ಪಿ ಹೇಳದಿದ್ದರೆ ಶುಭಾಗೆ ಗೊತ್ತೇ ಆಗುತ್ತಿರಲಿಲ್ಲ.

ಹನ್ನೊಂದು ವರ್ಷದ ಹುಡುಗಿ. ಎರಡು ತಿಂಗಳಿಂದ ಮಾತು ಕಡಿಮೆಯಾಗಿತ್ತು. ಊಟಕ್ಕೆ ಕರೆದರೆ ಬರುತ್ತಾಳೆ, ತಟ್ಟೆ ನೋಡುತ್ತಲೇ ತಿನ್ನುತ್ತಾಳೆ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಎಡಗೈ ಬೆರಳುಗಳ ತುದಿ ಜಡ್ಡುಗಟ್ಟಿದೆ. ಕಳೆದ ವಾರ ಶುಭಾ ನೇರವಾಗಿ ಕೇಳಿದ್ದಳು: "ನನ್ನಿಂದ ಏನಾದ್ರೂ ಮುಚ್ಚಿಡ್ತಿದ್ದೀಯಾ?"

ಲಹರಿ ತಲೆಯೆತ್ತಿ, "ನೀನು?" ಎಂದಿದ್ದಳು.

ಎದುರುತ್ತರ ಕಲಿತಿದ್ದೀಯಾ ಎಂದು ಶುಭಾ ಬೈದಿದ್ದಳು. ಆಮೇಲೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ.

ಏಳು ವರ್ಷದಿಂದ ಅವರಿಬ್ಬರೇ. ಅಪ್ಪ ಹಡಗಿನ ಕೆಲಸಕ್ಕೆ ಹೋದವರು ಸಮುದ್ರದಲ್ಲೇ ತೀರಿಕೊಂಡರು ಎಂಬುದಷ್ಟೇ ಲಹರಿ ಕೇಳಿ ಬೆಳೆದದ್ದು. ಶುಭಾ ಊರು ಬಿಟ್ಟು, ಫೋನ್ ನಂಬರು ಬದಲಿಸಿ, ಕುವೆಂಪುನಗರದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿ ಮಗಳನ್ನು ಸಾಕಿದ್ದಳು. ಗೋಡೆಯ ಮೇಲೆ ಅಪ್ಪನದೊಂದು ಫೋಟೊ ಕೂಡ ಇರಲಿಲ್ಲ. ನೋಡಿ ಮಗು ಕೊರಗುವುದು ಬೇಡ ಎನ್ನುತ್ತಿದ್ದಳು. ಮಗಳ ವಿಷಯದಲ್ಲಿ ಅವಳಿಗೆ ಎಷ್ಟು ಕಾಳಜಿಯೆಂದರೆ, ಶಾಲೆಯ ವಾರ್ಷಿಕೋತ್ಸವದಲ್ಲಿ ತಾಯಿ ಮಗಳು ಒಟ್ಟಿಗೆ ನಿಂತ ಚಿತ್ರವನ್ನು ಶಾಲೆಯವರು ಫೇಸ್‌ಬುಕ್ಕಿಗೆ ಹಾಕಿದಾಗ ಹೆಡ್‌ಮಿಸ್ ಸಿದ್ದಲಿಂಗಮ್ಮನವರ ಜೊತೆ ಜಗಳವಾಡಿ ತೆಗೆಸಿದ್ದಳು. ತೆಗೆಯುವಷ್ಟರಲ್ಲಿ ಎರಡು ದಿನ ಕಳೆದಿತ್ತು.

ಗಿಟಾರೂ ಅವಳಿಗೆ ಬೇಕಿರಲಿಲ್ಲ. ಆರನೇ ತರಗತಿಯವರು ಏನಾದರೊಂದು ಕಲಿಯಲೇಬೇಕೆಂದು ಶಾಲೆ ಪಟ್ಟು ಹಿಡಿದಿತ್ತು. ಚಿತ್ರಕಲೆ ತಗೋ ಎಂದರೂ ಲಹರಿ ಕೇಳಲಿಲ್ಲ. ಸುತ್ತೋಲೆಯಲ್ಲಿ 'ಗಿಟಾರ್: ವಾಗೀಶ್ ಸರ್' ಎಂದಿತ್ತು. ಆ ಮನುಷ್ಯನನ್ನು ಶುಭಾ ಒಮ್ಮೆಯೂ ನೋಡಿರಲಿಲ್ಲ.

ಕಾರಿಡಾರು ಖಾಲಿ. ಕೊನೆಯ ಕೋಣೆಯ ಬಾಗಿಲು ಅರೆಮುಚ್ಚಿತ್ತು. ಒಳಗೆ ಗಂಡಸಿನ ದನಿ, ತಗ್ಗಿದ ದನಿ: "ಬೆರಳು ನೋಯ್ತಿದೆ ಕಣಮ್ಮ. ಇವತ್ತಿಗೆ ಸಾಕು."

"ಇನ್ನೊಂದೇ ಸಲ," ಎಂದಳು ಲಹರಿ.

ಶುಭಾ ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿದಳು.

ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತಿದ್ದ ಬೋಳುತಲೆಯ ಮನುಷ್ಯ ಬೆಚ್ಚಿಬಿದ್ದ. ಗಿಟಾರು ಅವನ ತೊಡೆಯ ಮೇಲಿತ್ತು. ಲಹರಿ ಎದುರು ನಿಂತು, ಸ್ಕೇಲಿನಿಂದ ಅವನ ಬೆರಳನ್ನು ಐದನೇ ತಂತಿಯ ಮೇಲೆ ಸರಿಯಾಗಿ ಕೂರಿಸುತ್ತಿದ್ದಳು.

"ಏನ್ ನಡೀತಿದೆ ಇಲ್ಲಿ?"

ವಾಗೀಶ ಎದ್ದು ನಿಂತರು. "ಲಹರಿ ತಾಯಿ ಅಲ್ವಾ? ಬನ್ನಿ ಮೇಡಮ್, ಕೂತ್ಕೊಳ್ಳಿ. ನನಗೆ ಇವಳೇ ಟೀಚರ್ರು."

"ಗಿಟಾರ್ ಕಲಿಸೋರು ನೀವಲ್ವಾ?"

"ನಾನು ಸೈನ್ಸ್ ಮೇಷ್ಟ್ರು. ಉಸ್ತುವಾರಿ ಮಾತ್ರ ನಂದು. ಕಲಿಸೋರು ಕಡಕೊಳದಿಂದ ಬರ್ತಾರೆ, ಸಂಬಳಾನೂ ಕೇಳ್ದೆ. ಇವಳಿಗೆ ಕ್ಲಾಸ್ ಬಿಟ್ಟ್ಮೇಲೂ ಹೇಳ್ಕೊಡ್ತಾರೆ. ಹೊರಗಿನೋರ ಜೊತೆ ಮಗೂನ ಒಬ್ಬಳೇ ಬಿಡ್ಬಾರ್ದು ಅಂತ ನಾನೂ ಕೂತ್ಕೋತೀನಿ. ಅವರು ಈಗ ತಂತಿ ತರೋಕ್ಕೆ ಹೋಗಿದ್ದಾರೆ. ನಿಮ್ಮ ಒಪ್ಪಿಗೆ ಪತ್ರ ಇದೆಯಲ್ಲ, ಮೇಡಮ್."

ಶುಭಾ ಯಾವ ಪತ್ರಕ್ಕೂ ಸಹಿ ಹಾಕಿರಲಿಲ್ಲ. ಮಗಳ ಕಡೆ ತಿರುಗಿದಳು.

"ನಾನೇ ಹಾಕ್ದೆ," ಎಂದಳು ಲಹರಿ. ಅವಳ ದನಿಯಲ್ಲಿ ಅಳುಕಿರಲಿಲ್ಲ.

"ಯಾರವನು? ಏನ್ ಹೇಳಿ ನಿನ್ನ ತಲೆ ಕೆಡಿಸಿದ್ದಾನೆ? ನಡಿ ಮನೆಗೆ. ಸೋಮವಾರದಿಂದ ಈ ಶಾಲೆಯೂ ಬೇಡ."

ಶುಭಾ ಮಗಳ ಕೈ ಹಿಡಿದೆಳೆದಳು. ಲಹರಿ ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ವಾಗೀಶ "ಮೇಡಮ್, ಮೇಡಮ್" ಎನ್ನುತ್ತಾ ಏನು ಮಾಡಬೇಕೆಂದು ತೋಚದೆ ನಿಂತರು. ಅಷ್ಟರಲ್ಲಿ ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಬಂದು, ಬಾಗಿಲ ಬಳಿ ನಿಂತಿತು.

"ಓ, ಬಂದ್ಬುಟ್ರಲ್ಲ," ಎಂದರು ವಾಗೀಶ ನಿರಾಳವಾಗಿ. "ಇವರೇ ಮೇಡಮ್. ಸುಂದರೇಶ್ ಅಂತ."

ಗಡ್ಡ ನರೆತಿತ್ತು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಆದರೂ ಶುಭಾಗೆ ಗುರುತು ಹಿಡಿಯಲು ಅರೆಕ್ಷಣ ಸಾಕಾಯಿತು. ಹೆಲ್ಮೆಟ್ಟು ಕೈಜಾರಿ ನೆಲದ ಮೇಲೆ ಉರುಳಿತು. ಸುಂದರೇಶ ಅವಳನ್ನು ನೋಡಲಿಲ್ಲ. ಕಣ್ಣುರೆಪ್ಪೆ ಬಡಿದರೆ ಮಾಯವಾದಾಳೇನೋ ಎಂಬಂತೆ ಲಹರಿಯನ್ನೇ ನೋಡುತ್ತಿದ್ದ.

ಶುಭಾ ಮಗಳ ಕೈ ಬಿಟ್ಟಳು. "ಲಹರೀ, ಅಪ್ಪ ಇಲ್ಲ ಅಂತ ನಾನು ಹೇಳಿದ್ದು ತಪ್ಪು ಕಣೇ. ನಮ್ಮನ್ನು ಬಿಟ್ಟು ಹಡಗು ಹತ್ತಿದರು ಅನ್ನೋ ಸಿಟ್ಟು. ನೀನು ಚಿಕ್ಕವಳು, ಅಪ್ಪ ಎಲ್ಲಿ ಅಂತ ದಿನಾ ಅಳ್ತಿದ್ದೆ. ನಿನಗೋಸ್ಕರ ಹೇಳ್ದೆ."

ಲಹರಿ ಬೆಂಚನ್ನು ಬಿಟ್ಟು ಸುಂದರೇಶನ ಪಕ್ಕ ಹೋಗಿ ನಿಂತಳು. ಆಮೇಲೆ ಕೇಳಿದಳು:

"ಹಾಗಾದ್ರೆ ಅಪ್ಪನಿಗೆ ಫೋನ್ ಮಾಡಿ, ನಾನು ಜ್ವರ ಬಂದು ಸತ್ತುಹೋದೆ ಅಂತ ಯಾಕಮ್ಮ ಹೇಳಿದ್ದೆ?"