ನೇರಳೆ ನೆರಳು

ಪ್ರೇಮಲೀಲಾ ಚೂರಿಯನ್ನು ಲಿಂಗಯ್ಯನ ಕೆನ್ನೆಗೆ ಒತ್ತಿ ಕೆಳಕ್ಕೆಳೆದಳು. ಕ್ಯಾನ್ವಾಸಿಗೆ ನೇರಳೆ ಬಣ್ಣ ದಪ್ಪಗೆ ಹತ್ತಿಕೊಂಡಿತು.

ಕುರ್ಚಿಯಿಂದೆದ್ದು ಬಂದ ಲಿಂಗಯ್ಯ ಮೂಗು ತಾಗುವಷ್ಟು ಬಗ್ಗಿದರು. “ಏನಮ್ಮಾ ಇದು? ಕಣ್ಣ ಕೆಳಗೆ ಹಸ್ರು, ಮೂಗಿನ ಮೇಲೆ ಕಿತ್ಲೆ. ನಾನೇನು ಗಿಣೀನಾ? ಅರಮನೆ ಪಟಗಳ ಹಂಗೆ ನುಣ್ಣಗಿರ್‍ಬೇಡ್ವಾ?”

“ನೆರಳಿಗೆ ನಾನು ಕಪ್ಪು ಹಾಕಲ್ಲ ಸಾರ್. ಹತ್ತಿರದಿಂದ ಬರೀ ಬಣ್ಣದ ತೇಪೆ. ದೂರ ನಿಂತರೆ ಮನುಷ್ಯ ಕಾಣ್ತಾನೆ.”

“ಕಂಡ್ರೆ ಮೂವತ್ತರವನ ಹಂಗೆ ಕಾಣ್ಬೇಕು ಕಣಮ್ಮ. ಅರವತ್ತರ ಶಾಂತಿಗೆ ನೆಂಟರೆಲ್ಲ ಬರ್ತಾರೆ.”

“ಹಾಗಿದ್ದರೆ ಮೀಸೆ ಬೇಡ. ಸ್ವಲ್ಪ ನಗಿ.”

ಅವರು ನಕ್ಕರು. ಅವಳು ಚೂರಿಯ ತುದಿಗೆ ಕಿತ್ತಳೆ ಬಣ್ಣ ತೆಗೆದುಕೊಂಡಳು.

ಚಿತ್ರಕ್ಕೆಂದು ಅವಳು ಆರಿಸಿಕೊಂಡದ್ದು ಕಿಟಕಿಯ ಪಕ್ಕದ ಕಿರುಕೋಣೆ. ಹಿಂದೆ ಸರಿಯಲು ಜಾಗವಿರಲಿಲ್ಲ. ಅವರು ಊಟಕ್ಕೆದ್ದಾಗ ಅವಳೊಬ್ಬಳೇ ಬಾಗಿಲಾಚೆ ನಿಂತು ನೋಡುತ್ತಿದ್ದಳು.

ಕೆಸರೆಯ ಈ ಮನೆಯಲ್ಲೇ ಅವಳು ಹುಟ್ಟಿದ್ದು. ಅಪ್ಪ ಮಹದೇವು ತೀರಿಕೊಂಡ ವಾರದಲ್ಲೇ ಅವನ ಅಣ್ಣ ಲಿಂಗಯ್ಯ, ‘ಇವಳು ಕಟ್ಟಿಕೊಂಡವಳಲ್ಲ, ಇಟ್ಟುಕೊಂಡವಳು’ ಎಂದು ಅವ್ವ ಪಾರ್ವತಮ್ಮನನ್ನು ಕೈಗೂಸಿನ ಸಮೇತ ಬೀದಿಗೆ ತಳ್ಳಿದ್ದರು. ಇದ್ದ ಒಂದೇ ಫೋಟೋ, ಮದುವೆಯದು, ಒಲೆಗೆ ಹೋಗಿತ್ತು. ಆ ಕೈಗೂಸೇ ಬಣ್ಣದ ಪೆಟ್ಟಿಗೆ ಹಿಡಿದು ವಾಪಸು ಬಂದಿದೆಯೆಂದು ಅವರಿಗೆ ತಿಳಿದಿರಲಿಲ್ಲ.

“ಮೀಸೆ ಒಂದು ಬುಟ್ಟು, ಆ ಪಾಪಿಗೆ ನಿಮ್ಮಪ್ಪನ ಹಣೆ, ಮೂಗು, ನಗು ಯಾಕಾದ್ರೂ ಕೊಟ್ಟನೋ ದೇವ್ರು,” ಎಂದು ಮಂಡಿಮೊಹಲ್ಲಾದ ಬಾಡಿಗೆ ಕೋಣೆಯಲ್ಲಿ ಅವ್ವ ಹಲ್ಲು ಕಡಿಯುತ್ತಿದ್ದಳು. “ಎಂಗೆ ಬರೀತಿದ್ದೀಯೇ ಅವನ್ನ?”

“ಸಾಯೋವರೆಗೂ ನಿದ್ದೆ ಬರಬಾರದು, ಹಾಗೆ. ಶಾಂತಿ ದಿನ ಬಾ. ಸತ್ತೋರಿಗೆ ಹಾಕೋ ಹಾರ ತಾ.”

ಆ ದಿನ ಚಿತ್ರ ನಡುಮನೆಯ ಗೋಡೆಗೇರಿತು. ಲಿಂಗಯ್ಯ ಅದರ ಕೆಳಗೇ ನಿಂತು ಹೊದಿಸಿದ್ದ ಬಟ್ಟೆ ಸರಿಸಿ, ಹೊಸ ಪಂಚೆಯ ಅಂಚು ಹಿಡಿದು ನೆಂಟರತ್ತ ತಿರುಗಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲ ಬಳಿ ಕೂತಿದ್ದ ಅವರ ಅಕ್ಕ ಬೀರಮ್ಮ ಎದೆ ಬಡಿದುಕೊಂಡಳು.

ಲಿಂಗಯ್ಯ ಪಟದತ್ತ ತಿರುಗಿ ಹಿಂದಹಿಂದಕ್ಕೆ ನಡೆದರು. ಹೊಸಿಲು ಕಾಲಿಗೆ ತಾಗುವಷ್ಟರಲ್ಲಿ ತೇಪೆಗಳೆಲ್ಲ ಕೂಡಿಕೊಂಡವು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಚೆಂಡುಹೂವಿನ ಹಾರ ಹಿಡಿದು ಪಾರ್ವತಮ್ಮ ಅವರನ್ನು ದಾಟಿ ಒಳಗೆ ಬಂದಳು. ನೆಂಟರು ದಾರಿ ಬಿಟ್ಟರು. ಪಟಕ್ಕೆ ಹಾರ ಹಾಕಿ ಕೈಮುಗಿದಳು.

“ಇಳಿಸವ್ವಾ ಅದನ್ನ,” ಲಿಂಗಯ್ಯನ ದನಿ ಸಣ್ಣಗಾಗಿತ್ತು. “ಎಲ್ಲರ ಎದುರೇ ಹೇಳ್ತೀನಿ, ನಿಮ್ಮ ಪಾಲು ಬುಟ್ಕೊಡ್ತೀನಿ. ಇಳಿಸಿಬುಡು.”

ಪಾರ್ವತಮ್ಮ ಪಟದಿಂದ ಕಣ್ಣು ಕೀಳಲಿಲ್ಲ.

“ಬೇಡ. ನಿಮ್ಮ ತಮ್ಮ ಅವ್ರ ಮನೇಲೇ ಇರ್ಲಿ.”